ದಸ್ತಗೀರಸಾಬನ ಗಾಜು

ಭಾಳ ಭಾಳ ಹಿಂದ, ಮಗ್ಗದ ಸಪ್ಪಳಕ್ಕ ಕೋಳಿಗಿಂತ ಮೊದಲ ಏಳತಿದ್ದ ಒಂದು ಊರಾಗ ದಸ್ತಗೀರಸಾಬ ಅಂತ ಒಬ್ಬ ಇದ್ದನಂತ. ಹಳೇ ರೇಡಿಯೋ ಗುರುತು ಹಿಡಿಯೂದು, ಅದರ ಬೆಲಿ ಹೇಳೂದು ಅವನ ಕೆಲಸ. ಕಿಸೆದಾಗ ಇಟಗೊಳ್ಳೂ ರೇಡಿಯೋ ಅಲ್ಲ ಮತ್ತ. ಎರಡೂ ತೋಳು ಹಾಕಿ ಎತ್ತಬೇಕಾದ ಕಟ್ಟಿಗಿ ಪೆಟ್ಟಿಗಿ, ಒಳಗಿನ ಗಾಜಿನ ವಾಲ್ವು ಬಿಸಿಯಾದ ಮ್ಯಾಲ ಮಾತಾಡತಿದ್ದಂಥವು. ಆಂವ ಪೆಟ್ಟಿಗಿ ತಟ್ಟಿ ಕಂಪನಿ ಹೇಳತಿದ್ದನಂತ, ವಾಸನಿ ನೋಡಿ ವಯಸ್ಸು ಹೇಳತಿದ್ದನಂತ. ಮಂದಿ ಸ್ವಲ್ಪ ಸೇರಿಸಿರಬಹುದು, ನಾನೇನು ನೋಡಾಕ ಹೋಗಿದ್ನೇನು. ಆದ್ರ ಒಂದು ಮಾತು ಮಾತ್ರ ಎಲ್ಲಾರೂ ಹೇಳತಾರ. ಅಸಲು ರೇಡಿಯೋ ಆದ್ರ ಅದರ ತಲಿಮ್ಯಾಲ ಅಂಗೈ ಊರತಿದ್ದ. ಊರಲಿಲ್ಲ ಅಂದ್ರ ಅದನ್ನ ಯಾರೂ ಕೊಳ್ಳತಿರಲಿಲ್ಲ.

ಅದೇ ಊರಾಗ ನಿಂಬೆವ್ವ ಅಂತ ಒಬ್ಬಾಕಿ ನೇಕಾರಾಕಿ. ಗಂಡ ತೀರಿದ ಮ್ಯಾಲ ಸ್ವಂತ ಮಗ್ಗ ಇಲ್ಲದ, ಮಂದಿ ಮಗ್ಗದಾಗ ಕೂತು ನೇಯತಿದ್ದಳು. ಅವರು ಏಳು ಅಂದಾಗ ಏಳಬೇಕು, ಕೂಡು ಅಂದಾಗ ಕೂಡಬೇಕು. ಅಕೀ ಮನ್ಯಾಗ ಮಾವನ ಕಾಲದ ಒಂದು ರೇಡಿಯೋ ಇತ್ತು. ವಾಡೇದ ದೇಸಾಯರಿಗೆ ಹಳೇ ರೇಡಿಯೋದ ಹುಚ್ಚು. ದಸ್ತಗೀರ ಅಸಲು ಅಂದ್ರ ರೇಡಿಯೋ ನನಗ, ಹೊಸಾ ಮಗ್ಗ ನಿನಗ ಅಂತ ಹೇಳಿಕಳಿಸಿದ್ರು. ಕೇಳಿ ಅಕೀಗೆ ಹಿಗ್ಗು ತಡೀಲಿಲ್ಲ.

ಆ ಹಿಗ್ಗೇ ಕೆಡಿಸ್ತು ನೋಡ್ರಿ. ದೊಡ್ಡ ಮನಿಗೆ ಹೋಗೂ ವಸ್ತು ಧೂಳ ಹಿಡಕೊಂಡು ಹೋಗಬಾರದು ಅಂತ ಮುಂಜಾನೆ ಎದ್ದು, ಹಿಂದಿನ ಮುಚ್ಚಳ ಬಿಚ್ಚಿ, ಸೆರಗು ನೀರಾಗ ಎದ್ದಿ, ಮುಂದಿನ ಗಾಜನ್ನ ಒಳಗಿಂದ ವರಸಿದಳು. ಸ್ಟೇಶನ್ನಿನ ಹೆಸರು ಬರದದ್ದು ಗಾಜಿನ ಒಳಮೈಗೆ ಅಂತ ಅಕೀಗೇನು ಗೊತ್ತು. ಕಚ್ಚಾ ನೂಲು ಬಣ್ಣ ಬಿಟ್ಟಂಗ ಧಾರವಾಡ, ಮುಂಬೈ, ಸಿಲೋನ್ ಎಲ್ಲಾ ಸೆರಗಿಗೆ ಬಂದ್ವು. ಗಾಜು ಬೋಳಾತು. ಅಕಿ ಯಾರಿಗೂ ಹೇಳಲಿಲ್ಲ. ರೇಡಿಯೋದ ಮಾರಿಗೆ ಒಂದು ವಸ್ತ್ರ ಹೊದಿಸಿ, ಕೈಗಾಡಿಮ್ಯಾಲ ಇಟಗೊಂಡು ದಸ್ತಗೀರಸಾಬನ ಅಂಗಡಿಗೆ ಹೋದಳು.

ದೇಸಾಯರು ಮೊದಲ ಬಂದು ಕೂತಿದ್ರು. ಮಗ್ಗ ಹೇರಿದ ಅವರ ಚಕ್ಕಡಿ ಹೊರಗ ನಿಂತಿತ್ತು. ಓಣಿ ಮಂದೆಲ್ಲಾ ಬಾಗಲದಾಗ.

ದಸ್ತಗೀರಸಾಬ ಯಾವಾಗ್ಲೂ ಹಿಂದಿನಿಂದ ನೋಡಾಕ ಸುರು ಮಾಡತಿದ್ದನಂತ. ಒಳಗಿನ ತಿರುಪು ನೋಡಿದ, ಯಾರೂ ಕೆದರಿಲ್ಲ ಅಂದ. ನಿಂಬೆವ್ವ ಮಾರಿಮ್ಯಾಲಿನ ವಸ್ತ್ರ ಇನ್ನಷ್ಟು ಕೆಳಗ ಜಗ್ಗಿದಳು. ವಾಲ್ವು ನೋಡಿದ, ಎಲ್ಲಾ ಹುಟ್ಟಿದಾಗಿನವ ಅಂದ. ಆಮ್ಯಾಲ ತಂತಿ ನಡುವ ಒಂದು ಬಲ್ಬ್ ಸೇರಿಸಿ ಕರೆಂಟ್ ಕೊಟ್ಟ. ಬಲ್ಬ್ ಝಗ್ ಅಂತ ಹತ್ತಿ ಹಂಗ ಉಳದ್ರ ರೇಡಿಯೋ ಒಳಗ ಸುಟ್ಟೈತಿ ಅಂತ ಅರ್ಥ, ಮಂದಾದ್ರ ಜೀವ ಐತಿ ಅಂತ. ಬಲ್ಬ್ ಝಗ್ ಅಂತು. ಸುಟ್ಟಿರಲಿ ಶಿವನ, ನನ್ನ ತಪ್ಪು ಅದರಾಗ ಮುಚ್ಚಿ ಹೋಗಲಿ ಅಂತ ಅಕಿ ಮನಸಿನ್ಯಾಗ ಬೇಡಿಕೊಂಡಳಂತ. ಬಲ್ಬ್ ಮೆಲ್ಲಕ ಮಂದಾತು. ರೇಡಿಯೋ ಗುಂಯ್ ಅಂತು, ಆಮ್ಯಾಲ ಹಾಡಿತು.

ಮಂದಿಗೆಲ್ಲಾ ಖುಷಿ. ದಸ್ತಗೀರಸಾಬ ಅಂಗೈ ಎತ್ತಿದ, ಇನ್ನೊಂದು ಕೈಲೆ ಮಾರಿಮ್ಯಾಲಿನ ವಸ್ತ್ರ ಸರಿಸಿದ. ಎತ್ತಿದ ಕೈ ಹಂಗ ನಿಂತು ಬಿಡ್ತು.

ದೇಸಾಯರ ಮಾರಿ ಸಣ್ಣದಾತು. ನಿಂಬೆವ್ವ ಸೆರಗು ಮುದ್ದಿ ಮಾಡಿ ಮುಷ್ಟ್ಯಾಗ ಹಿಡಕೊಂಡಿದ್ದಳು, ಅದಕ್ಕ ಇನ್ನೂ ಬಂಗಾರಬಣ್ಣದ ಕಲಿ ಇತ್ತು. ದಸ್ತಗೀರಸಾಬ ಅದನ್ನ ನೋಡಿದ.

“ನಾನ ಅಳಿಸೀನಿ,” ಅಂದಳು. “ಚಂದ ಕಾಣಲಿ ಅಂತ ವರಸಿದೆ.” ಅಷ್ಟ ಹೇಳಿ ಅತ್ತಳು.

ಚಕ್ಕಡಿ ತಿರುಗಿಸು ಅಂತ ದೇಸಾಯರು ಆಳಿಗೆ ಹೇಳಿ ಎದ್ರಂತ. ಒಂದೀಟು ತಡೀರಿ ಅಂದ ದಸ್ತಗೀರಸಾಬ, ಒಳಗ ಹೋದ. ಅವನ ಸ್ವಂತದ್ದೊಂದು ರೇಡಿಯೋ ಇತ್ತು, ಥೇಟ್ ಇಂಥಾದ್ದ. ದೇಸಾಯರು ಅದನ್ನ ಕೊಡು ಅಂತ ಕೇಳಿ ಕೇಳಿ ಬ್ಯಾಸತ್ತಿದ್ರು, ಸತ್ತರೂ ಕೊಡೂದಿಲ್ಲ ಅಂತ ಇಂವ ಕೂತಿದ್ದ. ಈಗ ಅದರ ಗಾಜು ಬಿಚ್ಚಿ ತಂದು ನಿಂಬೆವ್ವನ ರೇಡಿಯೋಕ್ಕ ಕೂಡಿಸಿದ. ಎಲ್ಲಾರಿಗೂ ಕೇಳೂವಂಗ ಹೇಳಿದ.

“ಗಾಜು ನಂದು, ಉಳಿದದ್ದು ಅಕೀದು. ಒಂದೇ ಕಂಪನಿ, ಒಂದೇ ಕಾಲದ್ದು. ಬ್ಯಾಡಂದ್ರ ಈಗ ಹೇಳ್ರಿ.”

ದೇಸಾಯರು ಗಾಜು ನೋಡಿದ್ರು, ಅವನ ಮಾರಿ ನೋಡಿದ್ರು. ಕಡೀಕ, ಮತ್ತ ಅಂಗೈ ಯಾಕ ಊರವಲ್ಲಿ ಅಂತ ಕೇಳಿದ್ರಂತ. ದಸ್ತಗೀರಸಾಬ ಊರಿದ. ಚಕ್ಕಡಿಯಿಂದ ಮಗ್ಗ ಇಳೀತು.

ನಿಂಬೆವ್ವನ ಬೋಳು ಗಾಜನ್ನ ಆಂವ ತನ್ನ ರೇಡಿಯೋಕ್ಕ ಹಾಕಿಕೊಂಡ, ಸಾಯೂತನಕ ಹಂಗ ಕೇಳಿದ. ಧಾರವಾಡ ಹುಡುಕಾಕ ಹೋಗಿ ಸಿಲೋನ್ ಹತ್ತಿದ್ರ, ಇರಲಿ ಬಿಡು, ಅದೂ ಚಲೋನ ಹಾಡತೈತಿ ಅಂತಿದ್ದನಂತ.

ಆ ರೇಡಿಯೋ ಇನ್ನೂ ಆ ಅಂಗಡ್ಯಾಗ ಐತಿ. ಈಗ ಹಾಡೂದಿಲ್ಲ. ಇವತ್ತಿಗೂ ಆ ಊರಾಗ ಯಾರರೆ ಹೊಸಾ ಮಗ್ಗ ಹೂಡಿದ್ರ ಮೊದಲನೇ ಮೊಳ ಬಟ್ಟಿ ಮಾರೂದಿಲ್ಲ. ಅದನ್ನ ಒಯ್ದು ಆ ಬೋಳು ಗಾಜು ವರಸತಾರ. ಅಳಿಸಿ ಹೋಗಾಕ ಅಲ್ಲೇನೂ ಉಳಿದಿಲ್ಲ. ಆದ್ರೂ ವರಸೂಕಿಂತ ಮೊದಲ, ಬಟ್ಟಿ ಒಣಗೈತಿಲ್ಲೋ ಅಂತ ಎಲ್ಲಾರೂ ಒಂದ್ಸಲ ಮುಟ್ಟಿ ನೋಡತಾರ.