ಅಲಸಂದೆ ಉದುರಿಸಿದ ಹೂ

ವಿಜ್ಞಾನಿ ಮಂದಾಕಿನಿ ಸಾಲಾಗಿ ಕುಂಡಗಳಲ್ಲಿ ಅಲಸಂದೆ ಬೆಳೆಸಿದ್ದರು. ಕೊನೆಯ ಕುಂಡಕ್ಕೆ ಮಾತ್ರ ಯೂರಿಯಾ ಕಲಸಿದ ನೀರು, ಉಳಿದವಕ್ಕೆ ಬರೀ ನೀರು. ಒಂದು ದಿನ ಆ ಕೊನೆಯ ಕುಂಡದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯ ಗಿಡದ ಬೇರನ್ನು ತಟ್ಟಿತು.

"ಅಕ್ಕಾ, ನಿನ್ನ ಬೇರಿನಲ್ಲಿ ಒಂದು ಗಂಟು ಕಟ್ಟಿಕೊಂಡು ಇರುತ್ತೇನೆ. ನೀನು ಸಕ್ಕರೆ ಕೊಡು, ನಾನು ಗಾಳಿಯಿಂದ ಸಾರಜನಕ ಹಿಡಿದು ಕೊಡುತ್ತೇನೆ."

"ಯೂರಿಯಾ ನೀರಿನಲ್ಲಿ ಸಾರಜನಕ ನನಗೆ ಮೇಲಿಂದಲೇ ಸುರಿಯುತ್ತಿದೆ. ಕೂತಲ್ಲಿಗೆ ಬರುವಾಗ ನಿನಗೆ ಸಕ್ಕರೆ ಹಾಕಿ ಸಾಕಲು ನನಗೇನು ತಲೆ ಕೆಟ್ಟಿದೆಯೇ? ನಡೆಯಯ್ಯಾ ಆಚೆ," ಎಂದಿತು ಅಲಸಂದೆ.

ಗಿಡ ಹೂವಾಗುವ ಹೊತ್ತಿಗೆ ಮಂದಾಕಿನಿ ಯೂರಿಯಾ ನಿಲ್ಲಿಸಿದರು. ಅವರ ಪ್ರಯೋಗವೇ ಅದು. ಎಲೆಗಳು ಕೆಳಗಿನಿಂದ ಹಳದಿಯಾಗುತ್ತ ಬಂದವು. ಸಾಯುವ ಭಯ ಹತ್ತಿ ಈಗ ಅಲಸಂದೆಯೇ ಕೂಗಿತು.

"ಎಲ್ಲಿದ್ದೀಯಪ್ಪಾ? ಬಂದು ಗಂಟು ಕಟ್ಟು ಮಾರಾಯ!"

"ಇಲ್ಲೇ ಇದ್ದೇನೆ ಅಕ್ಕಾ, ಸಿಟ್ಟೇನೂ ಇಲ್ಲ. ಆದರೆ ಗಂಟು ಬಲಿಯುವ ತನಕ ನಾನು ತಿನ್ನುವವನೇ ಹೊರತು ಕೊಡುವವನಲ್ಲ. ಈ ಹಳದಿ ಎಲೆಗಳು ಮಾಡುವ ಸಕ್ಕರೆ ನಿನ್ನ ಹೂವಿಗೇ ಸಾಲದು. ನನಗೆ ಎಲ್ಲಿಂದ ಕೊಡುತ್ತೀ?"

ಅಲಸಂದೆ ತನ್ನ ಹೂಗಳನ್ನು ಒಂದೊಂದಾಗಿ ನೋಡಿತು.

"ಹೂವಿನ ಪಾಲನ್ನು ನೀನೇ ತಗೋ," ಎಂದಿತು ಕೊನೆಗೆ.

ಬೆಳಿಗ್ಗೆ ಮಂದಾಕಿನಿ ಬಂದಾಗ ಹೂಗಳೆಲ್ಲ ಉದುರಿ ಬಿದ್ದಿದ್ದವು. ಅವರು ಗಿಡವನ್ನು ಕೀಳಲು ಕೈಹಾಕಿ, ಏನನಿಸಿತೋ, ಬಿಟ್ಟರು.

ಮೊದಲೇ ಬೇರಿನಲ್ಲಿ ಗಂಟು ಕಟ್ಟಿಸಿಕೊಂಡಿದ್ದ ಪಕ್ಕದ ಕುಂಡಗಳ ಗಿಡಗಳಲ್ಲಿ ಕಾಯಿ ಕೊಯ್ಯುವ ದಿನ ಬಂತು. ಕೊನೆಯ ಕುಂಡದ ಅಲಸಂದೆ ಒಂದು ಕಾಯಿಯೂ ಇಲ್ಲದೆ, ಆದರೆ ಮತ್ತೆ ಹಸಿರಾಗಿ ನಿಂತಿತ್ತು. ಬೇರಿನ ಗಂಟಿನೊಳಗಿಂದ ಬ್ಯಾಕ್ಟೀರಿಯ ಹೇಳಿತು:

"ಅಕ್ಕಾ, ಇನ್ನು ಹೂ ಬಿಡು."