ಮೇಟಿಯ ಮಗ್ಗುಲಿನ ಎತ್ತು

“ಮಾಸ್ತರ ಕಾಕಾ, ದಸ್ತಗೀರಣ್ಣನ್ನ ತಂಡದಾಗ ಇಟ್ಕೊಳ್ಳೋದೋ, ಬಿಡೋದೋ? ನೀವ ಹೇಳ್ರಿ.”

ಕೇಳಿದವನು ಬಾಳೇಶ. ಊರ ವಾಲಿಬಾಲ್ ತಂಡಕ್ಕೆ ಒಂಬತ್ತು ವರ್ಷದಿಂದ ಅವನೇ ನಾಯಕ. ಕೇಳಿಸಿಕೊಂಡವರು ಸಂಗಯ್ಯ ಮಾಸ್ತರರು. ಊರಿನ ಮೂರು ತಲೆಮಾರಿಗೆ ಚೆಂಡು ಹಿಡಿಯುವುದನ್ನು ಕಲಿಸಿದವರು. ಮೂರು ಎಂದು ಜನ ಹೇಳುತ್ತಾರೆ, ಐದು ಎಂದು ಅವರೇ ಹೇಳುತ್ತಾರೆ.

ತಂಡ ಆ ವರ್ಷ ಆರು ಪಂದ್ಯ ಆಡಿ ಆರನ್ನೂ ಸೋತಿತ್ತು. ದಸ್ತಗೀರ ತಂಡದ ಲಿಫ್ಟರ್. ಬಲೆಯ ಪಕ್ಕದಲ್ಲಿ ನಿಂತು, ಬಂದ ಚೆಂಡನ್ನು ಹೊಡೆಯುವವರ ಕೈಗೆ ಸರಿಯಾಗಿ ಎತ್ತಿಕೊಡುವುದು ಅವನ ಕೆಲಸ. ಇಪ್ಪತ್ತು ವರ್ಷ ಅವನು ಎತ್ತಿಕೊಟ್ಟ, ಬೇರೆಯವರು ಹೊಡೆದರು. ಊರು ಏಳು ಸಲ ತಾಲ್ಲೂಕಿಗೆ ಮೊದಲು ಬಂತು. ಈಗ ಅವನಿಗೆ ನಲವತ್ತೆರಡು. ಮೊಣಕಾಲು ಹಿಡಿಯುತ್ತಿತ್ತು. ಮೂರು ಚೆಂಡಿನಲ್ಲಿ ಒಂದಕ್ಕೆ ತಡವಾಗಿ ತಲುಪುತ್ತಿದ್ದ. ಅವನ ಜಾಗಕ್ಕೆ ಪರಸುವನ್ನು ಹಾಕು ಎಂದು ಊರೆಲ್ಲ ಹೇಳುತ್ತಿತ್ತು. ಪರಸುವಿಗೆ ಇಪ್ಪತ್ತೆರಡು. ಹೊಡೆಯುವುದರಲ್ಲಿ ಎತ್ತಿದ ಕೈ. ಆದರೆ ಒಂದು ದಿನವೂ ಚೆಂಡು ಎತ್ತಿಕೊಟ್ಟವನಲ್ಲ.

ತಾಲ್ಲೂಕಿನ ಪಂದ್ಯಕ್ಕೆ ಆಟಗಾರರ ಹೆಸರು ಬರೆದು ಮಧ್ಯಾಹ್ನದೊಳಗೆ ಕೊಡಬೇಕಿತ್ತು. ಈ ಸಲವೂ ಸೋತರೆ ಮುಂದಿನ ವರ್ಷ ಆ ಪಂದ್ಯದಲ್ಲಿ ಊರಿಗೆ ಜಾಗವಿಲ್ಲ. ಬಾಳೇಶ ಐದು ಹೆಸರು ಬರೆದಿದ್ದ. ಆರನೆಯದಕ್ಕೆ ಕೈ ಓಡಿರಲಿಲ್ಲ. ಅವನಿಗೆ ಮೊದಲ ಬೂಟು ಕೊಡಿಸಿದವನೇ ದಸ್ತಗೀರ.

“ಪರಸು ಛಲೋ ಹಾರತಾನ,” ಎಂದರು ಮಾಸ್ತರರು. “ನನ್ನಷ್ಟಲ್ಲ ಬಿಡು. ನಾ ಆಡೂ ಕಾಲಕ್ಕ ಒಮ್ಮೆ ಸರ್ವಿಸ್ ಹೊಡದೆ ನೋಡು, ಆ ಚೆಂಡು ಇನ್ನೂ ಕೆಳಗ ಬಂದಿಲ್ಲ. ಅದು ಬೀಳೂ ಜಾಗದಾಗ ಯಾರೂ ಮನಿ ಕಟ್ಟಬ್ಯಾಡ್ರಿ ಅಂತ ಪಂಚಾಯ್ತಿಗೆ ಹೇಳಿಟ್ಟೀನಿ.”

“ಕಾಕಾ, ನನಗ ಹೊತ್ತಿಲ್ರಿ.”

“ಹೊತ್ತಿಲ್ಲದವರಿಗೇ ಕತಿ ಹೇಳೂದು. ಹೊತ್ತಿದ್ದವರು ತಾವ ಬಿದ್ದು ಎದ್ದು ಕಲೀತಾರ. ಕುಂದರು.”

ಬಾಳೇಶ ಕುಳಿತ. ಮಾಸ್ತರರು ಹೇಳಿದರು.

ಒಬ್ಬ ರೈತನಿದ್ದ. ಅವನ ಕಣ ಆ ಸೀಮೆಗೇ ದೊಡ್ಡದು. ಈ ಅಂಚಿನಲ್ಲಿ ನಿಂತು ಕೂಗಿದರೆ ಆ ಅಂಚಿನಿಂದ ಉತ್ತರ ಮರುದಿನ ಬರುತ್ತಿತ್ತು. ಸುಳ್ಳೆಂದುಕೊಳ್ಳಬೇಡ, ಕೂಗಿದವನು ನಾನೇ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಸುಗ್ಗಿಯಲ್ಲಿ ಯಾರ ಕಣದಲ್ಲಿ ಮೊದಲು ರಾಶಿ ಏಳುತ್ತದೋ ಅವರ ಕಣದಲ್ಲಿ ಇಡೀ ಊರು ಕುಳಿತು ಉಣ್ಣಬೇಕು. ಉಣಿಸಿದವನ ಹೆಸರು ಮುಂದಿನ ಸುಗ್ಗಿಯವರೆಗೆ ಊರ ಬಾಯಲ್ಲಿ ಇರುತ್ತಿತ್ತು. ಹನ್ನೊಂದು ಸುಗ್ಗಿ ಆ ರೈತನೇ ಉಣಿಸಿದ. ಅವನು ಬೀದಿಯಲ್ಲಿ ನಡೆದರೆ ಮೀಸೆ ಮೊದಲು ಹೋಗುತ್ತಿತ್ತು, ಅವನು ಹಿಂದಿನಿಂದ ಹೋಗುತ್ತಿದ್ದ.

ಆಗ ರಾಶಿಯ ಯಂತ್ರ ಇರಲಿಲ್ಲ. ಕಣದ ನಡುವೆ ಒಂದು ಕಂಬ ನೆಡುತ್ತಿದ್ದರು. ಅದು ಮೇಟಿ. ಜೋಳದ ತೆನೆ ಹರವಿ, ಐದು ಎತ್ತುಗಳನ್ನು ಒಂದರ ಮಗ್ಗುಲಿಗೆ ಒಂದು ಸಾಲಾಗಿ ಮೇಟಿಗೆ ಕಟ್ಟಿ, ಸುತ್ತ ನಡೆಸಿ ತುಳಿಸುತ್ತಿದ್ದರು. ಆ ಸಾಲಿಗೆ ಹಂತಿ ಎಂದು ಹೆಸರು. ಎಲ್ಲಕ್ಕೂ ಹೊರಗಿನ ಎತ್ತು ನೂರು ಹೆಜ್ಜೆ ಹಾಕುವಾಗ ಮೇಟಿಯ ಮಗ್ಗುಲಿನ ಎತ್ತು ಹತ್ತು ಹೆಜ್ಜೆ ಹಾಕುತ್ತದೆ. ನೋಡುವವರ ಕಣ್ಣಿಗೆ ಅದು ನಿಂತೇ ಇರುತ್ತದೆ.

ಆ ರೈತನ ಮೇಟಿ ಎತ್ತಿಗೆ ವಯಸ್ಸಾಯಿತು. ಗೊರಸು ನೋಯುತ್ತಿತ್ತು. ಆಗಾಗ ನಿಲ್ಲುತ್ತಿತ್ತು. ಅದು ನಿಂತರೆ ಐದೂ ನಿಲ್ಲುತ್ತಿದ್ದವು. ಹನ್ನೆರಡನೆಯ ಸುಗ್ಗಿಯಲ್ಲಿ ಮೊದಲ ರಾಶಿ ಪಕ್ಕದ ಕಣದಲ್ಲಿ ಎದ್ದಿತು. ರೈತ ಅಲ್ಲಿ ಹೋಗಿ ಎಲೆಯ ಮುಂದೆ ಕುಳಿತ. ಎರಡು ತುತ್ತು ಉಂಡು ಎದ್ದುಬಿಟ್ಟ.

ಮನೆಗೆ ಬಂದು ಯೋಚಿಸಿದ. ಹೊರಗಿನ ಎತ್ತು ದಿನವೆಲ್ಲ ನಡೆಯುತ್ತದೆ. ಮೇಟಿ ಎತ್ತು ನಿಂತಲ್ಲೇ ತಿರುಗುತ್ತದೆ. ನಿಂತಲ್ಲೇ ತಿರುಗುವುದಕ್ಕೆ ಯಾವ ಎತ್ತಾದರೇನು? ಗಟ್ಟಿಯಾದದ್ದು ಒಂದಿದ್ದರೆ ಸಾಕು. ಹೀಗೆಂದುಕೊಂಡ. ನೀನು ನಗಬೇಡ, ಆ ಊರಿನಲ್ಲಿ ಎಲ್ಲರೂ ಹೀಗೇ ಅಂದುಕೊಂಡಿದ್ದರು.

ಮರುವರ್ಷ ದನದ ಸಂತೆಗೆ ಹೋಗಿ ಒಂದು ಖಿಲಾರಿ ತಳಿಯ ಎತ್ತು ತಂದ. ಅದರ ಸೊಕ್ಕನ್ನು ಏನೆಂದು ಹೇಳಲಿ. ಅದು ಒಮ್ಮೆ ಸೀನಿದ್ದಕ್ಕೆ ಸಂತೆಯ ಅರ್ಧ ಡೇರೆಗಳು ಬಿದ್ದವು. ಉಳಿದರ್ಧ ಹೆದರಿ ತಾವೇ ಮಡಚಿಕೊಂಡವು. ರೈತ ಮುದಿ ಎತ್ತನ್ನು ಬಿಚ್ಚಿ ಗೋದಲಿಗೆ ಕಟ್ಟಿದ. ಹೊಸದನ್ನು ತಂದು ಮೇಟಿಗೆ ಕಟ್ಟಿದ.

ಹೊಸ ಎತ್ತು ಓಡಿತು. ಅದರ ತಪ್ಪಲ್ಲ, ಅದಕ್ಕೆ ಗೊತ್ತಿದ್ದದ್ದೇ ಓಡುವುದು. ಆದರೆ ಹಂತಿಯಲ್ಲಿ ಒಳಗಿನದು ಒಂದು ಹೆಜ್ಜೆ ಹೆಚ್ಚು ಹಾಕಿದರೆ ಹೊರಗಿನದು ಹತ್ತು ಹೆಜ್ಜೆ ಹೆಚ್ಚು ಹಾಕಬೇಕು. ಹೊರಗಿನ ಎತ್ತು ಕುದುರೆಯಾಯಿತು. ಅದರ ಬಾಲದ ಗಾಳಿಗೆ ಜೋಳ ತಾನಾಗಿಯೇ ತೂರಿಕೊಂಡಿತು. ತೂರಿಕೊಂಡದ್ದೇನೋ ಸರಿ, ಬಿದ್ದದ್ದು ಮುಂದಿನ ಊರಿನಲ್ಲಿ. ಆ ಊರಿನವರು ಇವತ್ತಿನವರೆಗೆ ಒಂದು ರೊಟ್ಟಿಯನ್ನೂ ಕಳಿಸಿಲ್ಲ.

ಏಳನೆಯ ಸುತ್ತಿಗೆ ಹೊರಗಿನ ಎತ್ತು ಮೊಣಕಾಲೂರಿತು. ರೈತ ಹೊಸ ಎತ್ತಿಗೆ ಬಾರುಕೋಲು ತೋರಿಸಿದ. ಅದು ಬೆದರಿ ಹಿಂದಕ್ಕೆ ತಿರುಗಿತು. ಹಗ್ಗ ಮೇಟಿಗೆ ಸುತ್ತಿಕೊಂಡಿತು. ಐದು ಎತ್ತುಗಳು ಒಂದೇ ಗಂಟಾದವು.

ಪಕ್ಕದ ಕಣದವನು ಬೇಲಿಯ ಆಚೆಯಿಂದ ಕೂಗಿದ: “ಏನಪಾ, ರಾಶಿ ಮಾಡಾಕತ್ತೀಯೋ, ಎತ್ತಿನ ಲಗ್ನ ಮಾಡಾಕತ್ತೀಯೋ? ಅಕ್ಕಿಕಾಳು ತರಲೇನು?”

ರೈತ ಕಣದಲ್ಲೇ ಕುಸಿದು ಕುಳಿತ. ಅಲ್ಲಿ ಚೆಲ್ಲಿದ ಕಾಳು ಗುಡಿಸುವ ಒಬ್ಬ ಮುದುಕಿ ಇದ್ದಳು. ಐವತ್ತು ಸುಗ್ಗಿ ಆ ಊರಿನ ಕಣಗಳನ್ನು ಗುಡಿಸಿದವಳು. ಅವಳು ಕಸಬರಿಗೆ ಕೆಳಗಿಟ್ಟು ಹೇಳಿದಳು:

“ಮುದೇದನ್ನ ಅದರ ಜಾಗಕ್ಕ ಕಟ್ಟು. ಹೊಸಾದನ್ನ ಅದರ ಮಗ್ಗಲಕ ಕಟ್ಟು. ಮೂರು ಸುಗ್ಗಿ ಬಾಯಿ ಮುಚ್ಚಿಕೊಂಡಿರು.”

“ಮೂರು ಸುಗ್ಗಿ ಸೋಲಬೇಕೇನಬೇ ಯವ್ವಾ?”

“ಈಗೇನು ಗೆದ್ದು ನಿಂತೀಯೇನು?”

ರೈತ ಎದ್ದು ಹಗ್ಗದ ಗಂಟು ಬಿಡಿಸಿದ. ಮುದುಕಿ ಹೇಳಿದಂತೆ ಮಾಡಿದ. ಹಂತಿಗೆ ಆರು ಎತ್ತುಗಳಾದವು.

ಮೊದಲ ಸುಗ್ಗಿಯಲ್ಲಿ ಹೊಸ ಎತ್ತು ಮುದಿ ಎತ್ತನ್ನು ತಳ್ಳಿತು. ಮುದಿಯದು ಹೆಗಲು ಕೊಟ್ಟು ತನ್ನ ನಡೆಯನ್ನೇ ನಡೆಯಿತು. ಇದು ಎಷ್ಟು ತಳ್ಳಿದರೂ ಅದು ಒಂದು ಬೆರಳಷ್ಟೂ ಸರಿಯಲಿಲ್ಲ. ಆ ವರ್ಷ ಅವನ ರಾಶಿ ಊರಿಗೇ ಕೊನೆಯದಾಗಿ ಎದ್ದಿತು. ಎರಡನೆಯ ಸುಗ್ಗಿಯಲ್ಲಿ ತಳ್ಳುವುದು ನಿಂತಿತು. ಹೊಸದು ಒಂದು ಕಿವಿಯನ್ನು ಮುದಿಯದರ ಕಡೆಗೆ ತಿರುಗಿಸಿಕೊಂಡು ನಡೆಯತೊಡಗಿತು. ಮೂರನೆಯ ಸುಗ್ಗಿಯ ಹೊತ್ತಿಗೆ ಹೊರಗಿನ ಎತ್ತಿನ ಉಸಿರು ಜೋರಾದರೆ ಮುದಿಯದು ಹೆಜ್ಜೆ ಸಣ್ಣ ಮಾಡುತ್ತಿತ್ತು, ಅದರ ಜೊತೆಗೇ ಹೊಸದೂ ಸಣ್ಣ ಮಾಡುತ್ತಿತ್ತು. ಬಾರುಕೋಲು ನೆಲದ ಮೇಲೆ ಬಿದ್ದಿತ್ತು.

ಈ ಮೂರು ವರ್ಷ ರೈತ ಪಕ್ಕದವನ ಕಣದಲ್ಲೇ ಉಂಡ. ‘ಲಗ್ನ ಆದ ಎತ್ತಿಗೆ ಮಕ್ಕಳೆಷ್ಟು?’ ಎಂದು ಕೇಳುತ್ತ ಕೇಳುತ್ತ ಬಡಿಸಿದರು. ಅವನು ತಲೆ ತಗ್ಗಿಸಿ ಉಂಡ. ಮೀಸೆ ಈಗ ಅವನ ಹಿಂದಿನಿಂದ ಬರುತ್ತಿತ್ತು.

ನಾಲ್ಕನೆಯ ಸುಗ್ಗಿಯ ಬೆಳಿಗ್ಗೆ ರೈತ ಎತ್ತುಗಳನ್ನು ಕಣಕ್ಕೆ ತಂದ. ಮುದಿ ಎತ್ತು ಕಣದ ಅಂಚಿನವರೆಗೆ ಬಂದು ನಿಂತಿತು. ಜಗ್ಗಿದ, ಬರಲಿಲ್ಲ. ಮೈ ಸವರಿದ, ಬರಲಿಲ್ಲ. ಅವನು ಅದರ ಹಗ್ಗ ಹಿಡಿದು ನಿಂತಿರುವಾಗಲೇ ಹೊಸ ಎತ್ತು ತಾನಾಗಿ ನಡೆದುಹೋಗಿ ಮೇಟಿಯ ಮಗ್ಗುಲಿಗೆ ನಿಂತಿತು. ಯಾರೂ ಕಟ್ಟಿರಲಿಲ್ಲ. ರೈತ ಮುದಿಯದರ ಹಗ್ಗ ಬಿಟ್ಟ. ಮನೆಯಲ್ಲಿದ್ದ ಒಂದು ಎಳೆಯ ಎತ್ತನ್ನು ತಂದು ಮೇಟಿ ಎತ್ತಿನ ಮಗ್ಗುಲಿಗೆ ಕಟ್ಟಿದ. ಅಷ್ಟರಲ್ಲಿ ಅವನಿಗೂ ಬುದ್ಧಿ ಬಂದಿತ್ತು.

ಹಂತಿ ತಿರುಗಿತು. ಅದೇ ನಡೆ. ಕಣ್ಣು ಮುಚ್ಚಿ ಕೇಳಿದರೆ ಮುದಿ ಎತ್ತೇ ನಡೆಯುತ್ತಿದೆ ಎನ್ನಬೇಕು. ಆದರೆ ನಡುವೆ ನಿಲ್ಲುತ್ತಿರಲಿಲ್ಲ. ಮೂರನೆಯ ದಿನಕ್ಕೆ ಊರಿನ ಮೊದಲ ರಾಶಿ ಅವನ ಕಣದಲ್ಲಿ ಎದ್ದಿತು. ಎಂಥ ರಾಶಿ ಎನ್ನುತ್ತೀ! ದಾರಿಯಲ್ಲಿ ಹೋಗುತ್ತಿದ್ದ ಹದ್ದೊಂದು ಗುಡ್ಡವೆಂದು ತಿಳಿದು ಅದರ ನೆತ್ತಿಯ ಮೇಲೆ ಗೂಡು ಕಟ್ಟಿತು.

ಪೂಜೆಯಾಗುವ ಮೊದಲು ರಾಶಿಯನ್ನು ಯಾರೂ ಮುಟ್ಟುವಂತಿಲ್ಲ. ಊರೆಲ್ಲ ಸುತ್ತ ನಿಂತಿತ್ತು. ರೈತ ಎಲ್ಲರ ಎದುರಿಗೆ ಬೊಗಸೆ ತುಂಬ ಜೋಳ ತೆಗೆದುಕೊಂಡ. ಹಿರಿಯರು ‘ಹಾಂ ಹಾಂ’ ಎಂದರು. ಅವನು ಕೇಳಲಿಲ್ಲ. ಕಣದ ಅಂಚಿಗೆ ನಡೆದು ಮುದಿ ಎತ್ತಿನ ಬಾಯಿಗೆ ಹಿಡಿದ. ತನ್ನ ತಲೆಯ ರುಮಾಲು ಬಿಚ್ಚಿ ಅದರ ಕೊಂಬಿಗೆ ಸುತ್ತಿದ. ಪಕ್ಕದ ಕಣದವನು ಲಗ್ನದ ಮಾತು ಎತ್ತಲಿಲ್ಲ. ಬಂದು ಆ ಎತ್ತಿನ ಕಾಲು ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಂಡ. ಅವನ ಹಿಂದೆ ಊರು ಸಾಲುಗಟ್ಟಿತು. ಮುದಿ ಎತ್ತು ಜೋಳ ಅಗಿಯುತ್ತ, ಹಂತಿಯ ಕಡೆ ನೋಡುತ್ತ, ಕೊರಳೆತ್ತಿ ನಿಂತಿತ್ತು.

ಆಮೇಲೆ ಎಲ್ಲರೂ ಉಂಡರು. ನಾನೂ ಉಂಡೆ. ಹದಿನೇಳು ಹೋಳಿಗೆ. ಹದಿನೆಂಟನೆಯದನ್ನು ಬಿಟ್ಟದ್ದು ವಿನಯಕ್ಕೆ.

ಮಾಸ್ತರರು ಕತೆ ನಿಲ್ಲಿಸಿದರು. ಬಾಳೇಶನ ಎದೆ ಉಬ್ಬಿತ್ತು, ಆ ರುಮಾಲನ್ನು ತಾನೇ ಸುತ್ತಿದವನಂತೆ.

“ತಿಳೀತ್ರಿ ಕಾಕಾ. ದಸ್ತಗೀರಣ್ಣನ್ನ ತೆಗೀಬಾರದು.”

“ಹಂಗ ಅಂದ್ನೇನು ನಾ? ಅವಗೂ ಮೊಣಕಾಲು ಅದಾವ. ಇಪ್ಪತ್ತು ವರ್ಷ ಊರಿಗಾಗಿ ಅವನ್ನ ಸವಸ್ಯಾನ. ಮಾನದಿಂದ ಬಿಚ್ಚು, ಅಂಚಿಗೆ ನಿಂತು ನೋಡಲಿ.”

“ಮತ್ತ ಆರನೇದು ಯಾರ ಹೆಸರು ಬರೀಲ್ರಿ?”

“ಈ ಒಂಬತ್ತು ವರ್ಷ ಅವನ ಮಗ್ಗಲಕ ಯಾರನ್ನ ಕಟ್ಟೀದಿ, ಅವನ ಹೆಸರು ಬರಿ.”

ಬಾಳೇಶನ ಬಾಯಿಗೆ ಒಂದು ಹೆಸರೂ ಬರಲಿಲ್ಲ.