ಸುಳಿಯ ಅಂಚಿನಲ್ಲಿ ಕಟ್ಟಿದ ಹರಿಗೋಲು

"ಅಮ್ಮ, ನನ್ನ ಹತ್ತಿರ ಕಲಿಯುವ ಒಬ್ಬ ಹುಡುಗಿ ದಿನಕ್ಕೆ ಎರಡು ಗಂಟೆ ಅಭ್ಯಾಸ ಮಾಡುತ್ತಾಳೆ. ವರ್ಷವಾಯಿತು. ಇನ್ನೂ ಒಂದು ವರ್ಣವನ್ನು ಕೊನೆಯವರೆಗೆ ಹಾಡಲಾರಳು. ತಪ್ಪಿದಾಗಲೆಲ್ಲ ಮೊದಲಿನಿಂದ ಹಾಡಿಸುತ್ತೇನೆ. ಇವಳಿಗೆ ಸಂಗೀತ ಬರುವುದಿಲ್ಲ ಎಂದು ಹೇಳಿ ಪಾಠ ಬಿಡಿಸಿಬಿಡಲೇ?"

ಹೀಗೆ ಕೇಳಿದವಳು ವಾರಿಜ. ಅವಳು ವರ್ಷದ ಹಿಂದಷ್ಟೇ ನಾಲ್ಕು ಮಕ್ಕಳಿಗೆ ಪಾಠ ಹೇಳತೊಡಗಿದ್ದಳು. ಕೇಳಿದ್ದು ತನ್ನ ಗುರು ವಿಶಾಲಾಕ್ಷಮ್ಮನವರನ್ನು.

ವಿಶಾಲಾಕ್ಷಮ್ಮನವರ ಮುಖ ಕೆಂಪಾಯಿತು. "ಬಿಡಿಸುವುದು ಆಮೇಲಾಗಲಿ. ಬಾಯಿ ಮುಚ್ಚಿಕೊಂಡು ಇದನ್ನು ಕೇಳು" ಎಂದರು.

ಒಬ್ಬ ಅಂಬಿಗ ಹರಿಗೋಲು ನಡೆಸುತ್ತಿದ್ದ. ವಯಸ್ಸಾದ ಮೇಲೆ ಮಗಳ ಗಂಡನನ್ನು ಮನೆಯಲ್ಲಿಟ್ಟುಕೊಂಡು ಅವನಿಗೆ ಕೆಲಸ ಕಲಿಸತೊಡಗಿದ. ನದಿಯ ನಡುವೆ ಒಂದು ಸುಳಿ ಇತ್ತು. ಅಲ್ಲಿಯವರೆಗೆ ಅಳಿಯ ಚೆನ್ನಾಗಿಯೇ ಹೋಗುತ್ತಿದ್ದ. ಸುಳಿಯ ಅಂಚಿಗೆ ಬಂದೊಡನೆ ಹರಿಗೋಲು ಗಿರ್ರನೆ ತಿರುಗುತ್ತಿತ್ತು. ಅಂಬಿಗ ದಡದಿಂದ ಕೂಗುತ್ತಿದ್ದ: "ಹಿಂದಕ್ಕೆ ಬಾ! ಮೊದಲಿನಿಂದ ಶುರು ಮಾಡು!"

ಅಳಿಯ ಹಿಂದಕ್ಕೆ ಬರುತ್ತಿದ್ದ. ಮತ್ತೆ ದಡ ಬಿಡುತ್ತಿದ್ದ. ಹರಿಗೋಲು ಮತ್ತೆ ತಿರುಗುತ್ತಿತ್ತು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ವರ್ಷ ಕಳೆಯುವಷ್ಟರಲ್ಲಿ ದಡ ಬಿಡುವುದರಲ್ಲಿ ಅವನನ್ನು ಮೀರಿಸುವವರು ಆ ನದಿಯಲ್ಲಿ ಇರಲಿಲ್ಲ. ಸುಳಿಯಲ್ಲಿ ತಿರುಗುವುದರಲ್ಲೂ ಇರಲಿಲ್ಲ.

ಅಂಬಿಗ ಮಗಳಿಗೆ ಹೇಳಿದ: "ನಿನ್ನ ಗಂಡನ ಕೈ ಮುದ್ದೆ ಮುರಿಯುವಾಗ ಮಾತ್ರ ಚುರುಕು. ನೀರು ಅವನಿಗೆ ಒಗ್ಗುವುದಿಲ್ಲ. ನಾಳೆ ಅವನ ಊರಿಗೆ ಕಳಿಸಿಬಿಡು. ಹರಿಗೋಲಿಗೆ ಬೇರೆ ಯಾರನ್ನಾದರೂ ನೋಡುತ್ತೇನೆ."

ಮಗಳಿಗೆ ಸಿಟ್ಟು ನೆತ್ತಿಗೇರಿತು. "ವರ್ಷವೆಲ್ಲ ದಡ ಬಿಡುವುದನ್ನು ಕಲಿಸಿದೆ ಅಪ್ಪ, ಅದನ್ನು ಅವರು ಕಲಿತರು. ಸುಳಿ ದಾಟುವುದನ್ನು ಯಾವತ್ತು ಕಲಿಸಿದೆ? ಎಲೆ ಅಡಿಕೆ ಜಗಿಯುತ್ತಾ ದಡದಲ್ಲಿ ಕೂತು ಕೂಗಿದೆ. ಅಷ್ಟನ್ನು ಕಾಗೆಯೂ ಮಾಡುತ್ತದೆ."

ಅವಳು ಚಿಕ್ಕಂದಿನಿಂದ ಆ ನೀರಿನಲ್ಲೇ ಬೆಳೆದವಳು. ಮರುದಿನ ಅವಳೇ ಗಂಡನ ಜೊತೆ ಹರಿಗೋಲು ಹತ್ತಿದಳು. ಸುಳಿಗೆ ಸ್ವಲ್ಪ ಮೇಲೆ ಒಂದು ಬಂಡೆ ಇತ್ತು. ಹರಿಗೋಲನ್ನು ಹಗ್ಗದಿಂದ ಅದಕ್ಕೆ ಕಟ್ಟಿ, ನೀರು ಮೆಲ್ಲಗೆ ತಿರುಗುವ ಅಂಚಿನಲ್ಲಿ ನಿಲ್ಲಿಸಿದಳು. "ಆಚೆ ದಡ ಇವತ್ತು ಬೇಡ. ಇಲ್ಲಿ ಎರಡು ಸಲ ಹುಟ್ಟು ಹಾಕಿ, ಸಾಕು. ನಿಧಾನವಾಗಿ ಹಾಕಿ. ಕೈ ತಪ್ಪಿದರೆ ನಿಲ್ಲಿಸಿ, ಯಾಕೆ ತಪ್ಪಿತು ನೋಡಿ" ಎಂದಳು. ಸರಿಯಾಗಿ ಬರುವವರೆಗೆ ಅದನ್ನೇ ಮಾಡಿಸಿದಳು. ಬಂದ ಮೇಲೂ ಹತ್ತು ಸಲ ಮಾಡಿಸಿದಳು. ತೋಳು ಸೋತಾಗ ಮನೆಗೆ ಕರೆತಂದಳು. ದಿನಕ್ಕೊಂದು ಮೊಳ ಹಗ್ಗ ಸಡಿಲಿಸುತ್ತಾ ಬಂದಳು. ಎಂಟನೆಯ ದಿನ ಹಗ್ಗ ಬಿಚ್ಚಿದಳು. ಅವನು ದಾಟಿದ.

ಕತೆ ಅಲ್ಲಿಗೆ ನಿಂತಿತು. ವಾರಿಜ ತಲೆ ತಗ್ಗಿಸಿದಳು. "ತಿಳಿಯಿತು ಅಮ್ಮ. ಹುಡುಗಿಯನ್ನು ಬಿಡಿಸುವುದಿಲ್ಲ. ನಾಳೆಯಿಂದ ಅವಳು ತಪ್ಪುವ ಜಾಗವನ್ನೇ ನಿಧಾನವಾಗಿ ಹಾಡಿಸುತ್ತೇನೆ" ಎಂದಳು.

ವಿಶಾಲಾಕ್ಷಮ್ಮನವರ ಸಿಟ್ಟು ಇಳಿದಿರಲಿಲ್ಲ.

"ಅವಳು ಯಾವ ಸ್ವರದಲ್ಲಿ ತಪ್ಪುತ್ತಾಳೆ, ಹಾಡಿ ತೋರಿಸು" ಎಂದರು.

ವಾರಿಜ ಬಾಯಿ ತೆರೆದಳು. ಆ ಸ್ವರ ಯಾವುದೆಂದು ಅವಳು ಒಂದು ದಿನವೂ ಗಮನಿಸಿರಲಿಲ್ಲ.